ಜೇನು ತಿಂದ ಗಿರಾಕಿ

ಮನೆಯಿಂದ,
ಮಾರ್ಚ್ ೪, ಬುಧವಾರ ಮಧ್ಯಾಹ್ನ

ಹಡಗಿನಲ್ಲಿರುವ ನನ್ನ ಮಗನಿಗೆ, ನೆಲದ ಮೇಲಿರುವ ಅಮ್ಮನ ಆಶೀರ್ವಾದ.

ಹೇಗಿದ್ದೀಯ? ಎಂಜಿನ್ ಕೋಣೆಯ ಸೆಕೆಗೆ ಬೆನ್ನ ಮೇಲೆ ಎದ್ದಿದ್ದ ಬೆವರುಸಾಲೆ ಹೋಯಿತೇ? ಕೆರೆದುಕೊಳ್ಳಬೇಡ. ಹೊತ್ತಿಗೆ ಸರಿಯಾಗಿ ಊಟ ಮಾಡು. ಇಲ್ಲಿ ನಾವು ಮೂವರೂ ಆರೋಗ್ಯ. ನಿನ್ನ ಹೆಂಡತಿಗೆ ಈ ತಿಂಗಳು ಆಸ್ಪತ್ರೆಯಲ್ಲಿ ಬೆಳಗಿನ ಪಾಳಿ. ನಿನ್ನ ಮಗಳು ಪಿಟ್ಟಿಗೆ ಮುಂದಿನ ಎರಡು ಹಲ್ಲು ಬಿದ್ದಿವೆ, ಆದರೂ ಮಾತು ಕಡಿಮೆಯಾಗಿಲ್ಲ.

ಇನ್ನು ವಿಷಯಕ್ಕೆ ಬರುತ್ತೇನೆ. ಹೊರಡುವಾಗ ಬಾಗಿಲಲ್ಲಿ ನಿಂತು ಏನಂದೆ, ನೆನಪಿದೆಯೇ? “ಅಮ್ಮಾ, ನಿನಗೆ ಇಲ್ಲಿನ ಭಾಷೆ ಒಂದಕ್ಷರ ಬರಲ್ಲ. ಇವಳು ಡ್ಯೂಟಿಗೆ ಹೋದಾಗ ಮಗುಗೆ ಏನಾದ್ರೂ ಆದ್ರೆ ಯಾರಿಗೆ ಏನು ಹೇಳ್ತೀಯ? ಊರಿಗೆ ಹೋಗಿ ಅಕ್ಕನ ಮನೇಲಿ ಹಾಯಾಗಿರು” ಅಂದೆ. ಈ ತಿಂಗಳ ಇಪ್ಪತ್ತೊಂದಕ್ಕೆ ಟಿಕೆಟ್ಟನ್ನೂ ಮಾಡಿಸಿಟ್ಟು ಹೋದೆ. ನಾನು ಎದುರಾಡಲಿಲ್ಲ. ಸುಮ್ಮನಿದ್ದಳು, ಆದ್ದರಿಂದ ಒಪ್ಪಿದಳು ಎಂದು ನೀನು ತಿಳಿದದ್ದು ನಿನ್ನ ತಪ್ಪು. ಮೂವತ್ತೆಂಟು ವರ್ಷದಿಂದ ನನ್ನನ್ನು ನೋಡುತ್ತಿದ್ದೀಯ.

ನಿನ್ನ ಹೆಂಡತಿ ಮೊದಲು ನನ್ನನ್ನು ಭಾಷೆಯ ತರಗತಿಗೆ ಸೇರಿಸಿದಳು. ಅಕ್ಷರವೇನೋ ಬಂತು. ಆಮೇಲೆ ಮೇಷ್ಟ್ರು ಕ್ರಿಯಾಪದಗಳನ್ನು ಮಗ್ಗಿಯ ಹಾಗೆ ಹೇಳಿಸತೊಡಗಿದರು. ‘ಹೋಗು’ ಎಂಬುದರ ಹನ್ನೆರಡು ರೂಪ ಬಾಯಿಗೆ ಬಂದವು, ಅಂಗಡಿಯಲ್ಲಿ ಹಾಲು ಕೇಳಲು ಮಾತ್ರ ಬಾಯಿ ಬರಲಿಲ್ಲ. ಬಿಟ್ಟೆ. ಪಿಟ್ಟಿಯ ಶಾಲೆಯ ದಾರಿಯಲ್ಲಿ ಗ್ರಂಥಾಲಯವಿದೆಯಲ್ಲ, ಅಲ್ಲಿನ ಕನ್ನಡಕದ ಹೆಂಗಸು ಒಂದು ಉಪಾಯ ಹೇಳಿದರು, ಪಿಟ್ಟಿ ಅದನ್ನು ನಮ್ಮ ಭಾಷೆಗೆ ತಂದಳು. ತಿಳಿಯದ ಪದ ಬಂದಾಗಲೆಲ್ಲ ಒಂದು ಬೆರಳು ಮಡಚಬೇಕು. ಪುಟ ಮುಗಿಯುವ ಮೊದಲೇ ಮುಷ್ಟಿಯಾದರೆ ಆ ಪುಸ್ತಕ ಇಟ್ಟು ಇನ್ನೂ ಸುಲಭದ್ದು ಹಿಡಿಯಬೇಕು. ನಿಘಂಟು ಮುಟ್ಟಕೂಡದು. ಸುಲಭದ್ದನ್ನೇ ರಾಶಿಗಟ್ಟಲೆ ಓದಬೇಕು. ಮೊದಲ ದಿನ ನನ್ನ ಮುಷ್ಟಿ ಬಿಚ್ಚಲೇ ಇಲ್ಲ. ಪಿಟ್ಟಿ ನನ್ನನ್ನು ನಾಲ್ಕು ವರ್ಷದವರ ಕಪಾಟಿಗೆ ಎಳೆದುಕೊಂಡು ಹೋಗಿ, “ಅಜ್ಜಿ, ನಿಂದು ಇಲ್ಲಿದೆ” ಅಂದಳು. ನಾಲಿಗೆಯಲ್ಲಿ ಅಪ್ಪನನ್ನೇ ಹೋಲುತ್ತಾಳೆ.

ಐದು ತಿಂಗಳಲ್ಲಿ ನೂರ ನಲವತ್ತಮೂರು ಪುಸ್ತಕ ಓದಿದ್ದೇನೆ. ಮೊಲದವು, ನರಿಯವು, ಛತ್ರಿ ಮರೆತ ಆನೆಯದು. ಹಿಡಿಸದ್ದನ್ನು ಅರ್ಧಕ್ಕೇ ಬಿಟ್ಟೆ, ಹಿಡಿಸಿದ್ದನ್ನು ಆರು ಸಲ ಓದಿದೆ. ಕಳೆದ ತಿಂಗಳಿಂದ ಕೆಳಗಿನ ಟೈಲರಮ್ಮನ ಅಂಗಡಿಯಲ್ಲಿ ಗಿರಾಕಿಗಳಿಂದ ಬಟ್ಟೆ ತೆಗೆದುಕೊಂಡು, ಅಳತೆ ಬರೆದಿಡುವ ಕೆಲಸವೂ ಸಿಕ್ಕಿದೆ. ಹುಬ್ಬೇರಿಸಬೇಡ, ಪೂರ್ತಿ ಓದು. ಮೊದಲ ವಾರವೇ ಒಬ್ಬ ನ್ಯಾಯಾಧೀಶರು ಕೋಟು ಸಡಿಲ ಮಾಡಿಸಲು ಬಂದರು. ‘ಹೊಟ್ಟೆಯ ಹತ್ತಿರ ಬಿಗಿಯಾಗಿದೆ’ ಅನ್ನಬೇಕಿತ್ತು. ನನ್ನ ಬಳಿ ಇದ್ದದ್ದು ಕರಡಿ ಕಥೆಯ ಮಾತು. “ನೀನು ತುಂಬಾ ಜೇನು ತಿಂದಿದ್ದೀಯ” ಅಂದುಬಿಟ್ಟೆ. ಇಲ್ಲಿಯೂ ನೀನು ಬೇರೆ, ನೀವು ಬೇರೆಯಂತೆ. ಆದರೆ ಮೊಲ ನರಿಗಳು ಒಂದಕ್ಕೊಂದು ನೀವು ಅನ್ನುತ್ತವೆಯೇ? ಏಕವಚನದಲ್ಲಿ ಮಾತಾಡಿಸಿದರೆಂದು ಮದುವೆ ಮನೆಯಿಂದ ಎದ್ದು ಬಂದವಳು ನಾನು. ಟೈಲರಮ್ಮ ಬಾಯಲ್ಲಿದ್ದ ಗುಂಡುಸೂಜಿ ನುಂಗುವುದೊಂದು ಬಾಕಿ. ಆ ಮನುಷ್ಯ ಹೊಟ್ಟೆ ಹಿಡಿದುಕೊಂಡು ನಕ್ಕು, “ನನ್ನ ಹೆಂಡತಿ ಕೂಡ ಹೀಗೇ ಬೈತಾಳೆ” ಅಂದರು. ಅಷ್ಟೂ ನನಗೆ ಅರ್ಥವಾಯಿತು ಕಣೋ. ಒಂದು ಬೆರಳೂ ಮಡಚಲಿಲ್ಲ. ಅಂದು ಸಂಜೆಯೇ ದೊಡ್ಡವರ ಕಪಾಟಿನಿಂದ ಕಾದಂಬರಿ ತಂದೆ. ಪುಟಕ್ಕೆ ಮೂರು ಬೆರಳು.

ಹೋದ ಗುರುವಾರ ಶಾಲೆಯಿಂದ ಫೋನ್ ಬಂತು. ಪಿಟ್ಟಿಗೆ ಜ್ವರ, ನಿನ್ನ ಹೆಂಡತಿ ಆಸ್ಪತ್ರೆಯಲ್ಲಿ ಕೈಗೆ ಸಿಗಲಿಲ್ಲವಂತೆ. ಯಾವ ಔಷಧಿ ಮಗುವಿಗೆ ಒಗ್ಗುವುದಿಲ್ಲ ಎಂಬುದನ್ನು ನಾನೇ ಹೇಳಿದೆ, ಹತ್ತು ನಿಮಿಷದಲ್ಲಿ ಹೋಗಿ ಕರೆತಂದೆ. ಶನಿವಾರದ ಹೊತ್ತಿಗೆ ಮಂಚದ ಮೇಲೆ ಕುಣಿಯುತ್ತಿದ್ದಳು. ಯಾರಿಗೆ ಏನು ಹೇಳ್ತೀಯ ಅಂದೆಯಲ್ಲ, ಇದು ಅದಕ್ಕೆ ಉತ್ತರ.

ನೀನಿರುವ ನೀರು ಶಾಂತವಾಗಿರಲಿ, ಕೆಲಸದಲ್ಲಿ ಒಳ್ಳೆಯ ಹೆಸರು ಬರಲಿ.

ನಿನ್ನ
ಅಮ್ಮ

ತಾ.ಕ.: ಇಪ್ಪತ್ತೊಂದರ ಟಿಕೆಟ್ ರದ್ದಾಗಿದೆ. ನಿನ್ನ ಅಕ್ಕನಿಗೆ ನೀನೇ ತಿಳಿಸು, ಅಮ್ಮನನ್ನು ಕಳಿಸಿಕೊಡುತ್ತೇನೆ ಎಂದು ಅವಳಿಗೆ ಮಾತು ಕೊಟ್ಟವನು ನೀನು. ಬೆಳಿಗ್ಗೆ ಟಿಕೆಟ್ ಕಚೇರಿಗೆ ನಾನೇ ಫೋನ್ ಮಾಡಿದ್ದೆ. ಕಾರಣ ಕೇಳಿದರು. “ನನಗೆ ಇಲ್ಲಿ ಕೆಲಸವಿದೆ” ಎಂದು ಅವರ ಭಾಷೆಯಲ್ಲೇ ಅಂದೆ. ‘ಇನ್ನೊಮ್ಮೆ ಹೇಳಿ’ ಎಂದು ಅವರು ಕೇಳಲಿಲ್ಲ.