ಒಲೆಗೆ ಹೋದ ಮಾತ್ರೆ

ಭೀಮನಬೀಡು
11 ಸೆಪ್ಟೆಂಬರ್ 1997

ಕಾವ್ಯಶ್ರೀಯ ಅಪ್ಪನವರಿಗೆ,

ನನ್ನನ್ನು ಕರೆದುಕೊಂಡು ಹೋಗಲು ನೀವು ಕಳಿಸಿದ ಆಳಿಗೆ ‘ಬರುವುದಿಲ್ಲ’ ಎಂದಷ್ಟೇ ಹೇಳಿದ್ದೆ. ಏಕೆಂದು ಈಗ ಬರೆಯುತ್ತಿದ್ದೇನೆ. ಪೂರ್ತಿ ಓದಿ. ಅತ್ತೆಯವರಿಗೂ ಓದಿ ಹೇಳಿ.

ಎದೆಯ ಗಂಟಿಗೆ ಮೈಸೂರಿನಲ್ಲಿ ಮೊದಲ ಸಲ ಕ್ಯಾನ್ಸರ್ ಔಷಧ ಏರಿಸಿದ ದಿನ, ನಂಜನಗೂಡು ಬರುವ ಮೊದಲೇ ಬಸ್ಸಿನ ಕಿಟಕಿಯಿಂದ ತಲೆ ಹೊರಗಿಟ್ಟವಳು ನಾನು. ಗುಂಡ್ಲುಪೇಟೆಯ ಮನೆಗೆ ಬಂದ ಮೇಲೆ ಗುಟುಕು ನೀರೂ ನಿಲ್ಲಲಿಲ್ಲ. ಕರುಳೇ ಕಿತ್ತು ಬರುವಂತಿತ್ತು. ನೀವು ಬೇಸಿನ್ ಹಿಡಿದಿರಿ, ಬಾಯಿ ಒರೆಸಿದಿರಿ. ಇಂಥ ಗಂಡ ಯಾರಿಗುಂಟು ಎಂದುಕೊಂಡೆ. ಎರಡನೇ ಸಲ ಆಸ್ಪತ್ರೆಯ ಫಿನಾಯಿಲ್ ವಾಸನೆಗೇ, ಸೂಜಿ ಚುಚ್ಚುವ ಮೊದಲೇ ವಾಂತಿಯಾಯಿತು. ಸತ್ತರೂ ಸರಿ, ಇನ್ನು ಆ ಔಷಧ ಬೇಡ ಎಂದು ತವರಿಗೆ ಬಂದುಬಿಟ್ಟೆ.

ಶಿವಸ್ವಾಮಣ್ಣ ಬಿಡಲಿಲ್ಲ. “ಇದೊಂದ್ ಸಲ ಬಾ ಕಣಮ್ಮಿ, ಡಾಕ್ಟ್ರ ತಾವ ನಾನೇ ಮಾತಾಡ್ತೀನಿ” ಎಂದು ಮೂರನೇ ಸಲಕ್ಕೆ ಮೈಸೂರಿಗೆ ಕರೆದುಕೊಂಡು ಹೋದ. ಅಲ್ಲಿ ನರ್ಸ್ ಕೇಳಿದಳು, “ವಾಂತಿ ತಡೆಯೋ ಮಾತ್ರೆ ನುಂಗಿ ಬಂದ್ರಾ?” ಯಾವ ಮಾತ್ರೆ ಎಂದೆ. ಅವಳು ನನ್ನ ಚೀಟಿ ತೆಗೆದು ನೋಡಿದಳು. “ಎರಡು ಸಲನೂ ನಿಮ್ಮೆಜಮಾನ್ರ ಕೈಗೇ ಕೊಟ್ಟಿದ್ನಲ್ಲಮ್ಮ. ಮನೆಗೆ ಹೋದ್ಮೇಲೆ ಕೊಡಿ, ಮುಂದಿನ ಸಲ ಬರೋಕೆ ಮುಂಚೆ ಒಂದು ಕೊಡಿ ಅಂತ ಹೇಳಿದ್ದೆ.”

ಆ ದಿನ ಮೊದಲು ವಾಂತಿ ತಡೆಯುವ ಇಂಜೆಕ್ಷನ್ ಕೊಟ್ಟು, ಸ್ವಲ್ಪ ಹೊತ್ತು ಬಿಟ್ಟು ಔಷಧ ಏರಿಸಿದರು. ಹೊಟ್ಟೆ ತೊಳಸಿತು, ಅಷ್ಟೇ. ವಾಂತಿಯಾಗಲಿಲ್ಲ.

ಅಣ್ಣ ನಿಮ್ಮ ಈರುಳ್ಳಿ ಮಂಡಿಗೆ ಬಂದು ಕೇಳಿದಾಗ ನೀವು ಹೇಳಿದ ಮಾತನ್ನು ಹಾಗೆಯೇ ಬಂದು ಹೇಳಿದ. “ವಾಂತಿ ಕಟ್ಟುದ್ರೆ ಕಾಯ್ಲೆ ಇಸ ಒಳಗೇ ಉಳ್ಕತದೆ ಅಂತ ಅವ್ವ ಹೇಳ್ತು ಬಾವ. ಅದ್ಕೇ ಒಲೆಗಾಕ್ಬುಟ್ಟೆ.”

ಡಾಕ್ಟರನ್ನು ಕೇಳಿದ್ದೇನೆ. ಔಷಧ ರಕ್ತದಲ್ಲಿ ಕೆಲಸ ಮಾಡುತ್ತದೆ, ವಾಂತಿಯಲ್ಲಿ ಯಾವ ಕಾಯಿಲೆಯೂ ಹೊರಗೆ ಹೋಗುವುದಿಲ್ಲ. ಅತ್ತೆಯವರು ಓದಿದವರಲ್ಲ, ಅವರ ಮೇಲೆ ನನಗೆ ಸಿಟ್ಟಿಲ್ಲ. ಬೀನ್ಸ್ ಗಿಡಕ್ಕೆ ಔಷಧ ಹೊಡೆಯುವಾಗ ಅಂಗಡಿಯವನನ್ನು ಕೇಳಿ ಕೇಳಿ ಬೆರೆಸುವವರು ನೀವು. ನರ್ಸನ್ನು ಕೇಳಬಾರದಿತ್ತೇ? ಬೇಡ, ನನ್ನನ್ನಾದರೂ ಕೇಳಬಾರದಿತ್ತೇ? ಗಂಟಲು ನನ್ನದು, ಹೊಟ್ಟೆ ನನ್ನದು. ಮಾತ್ರೆ ಸುಟ್ಟ ಕೈಯಲ್ಲೇ ನನ್ನ ಬಾಯಿ ಒರೆಸಿದಿರಲ್ಲ, ಅದನ್ನು ನೆನೆದರೆ ಮೈ ಉರಿಯುತ್ತದೆ.

ಉಳಿದ ಔಷಧ ಮುಗಿಯುವವರೆಗೆ ನಾನು ಇಲ್ಲೇ ಇರುತ್ತೇನೆ. ಮಾತ್ರೆ ನನ್ನ ಹತ್ತಿರವೇ ಇರುತ್ತದೆ. ಆಸ್ಪತ್ರೆಗೆ ನೀವು ಬರುವುದು ಬೇಡ. ಭಾನುವಾರ ಕಾವ್ಯಳನ್ನು ಕಳಿಸಿಕೊಡಿ.

ಪುಟ್ಟಮಲ್ಲಮ್ಮ

ಇನ್ನೊಂದು ಮಾತು: ಅಣ್ಣನ ಜೊತೆ ಹೋದ ದಿನ ಬಸ್ಸಿನಲ್ಲಿ ವಾಪಸ್ ಬರುವಾಗ ನನಗೆ ಹಸಿವಾಯಿತು. ಎಷ್ಟೋ ದಿನದ ಮೇಲೆ, ನಿಜವಾದ ಹಸಿವು. ಮೊದಲು ನಿಮಗೆ ಹೇಳಬೇಕು ಅನ್ನಿಸಿತು. ಹಾಗನ್ನಿಸಿತಲ್ಲ ಎಂದು, ನಿಮ್ಮ ಮೇಲಿರುವುದಕ್ಕಿಂತ ಹೆಚ್ಚು ಸಿಟ್ಟು ನನಗೆ ನನ್ನ ಮೇಲೇ ಇದೆ.