ಮೆಶೀನ್ ಇಲ್ಲದ ಹಾಡು

ಆಗಸ್ಟ್ 4, 2003. ಸಂಜೆ

ಮತ್ತೆ ಹಾಳಾಯಿತು. ಹಾಡಿಗೆ ದನಿಯ ಮೂರನೇ ಪದರ ಸೇರಿಸುತ್ತಿದ್ದೆ — ನಾನು ಬಾಡಿಗೆಗಿರುವ ಮನೆಯ ಪ್ರೇಮಕ್ಕ ಬಾಗಿಲು ಬಡಿದರು.

"ಏನೇ ಸೃಷ್ಟಿ ಅದು, ಸತ್ತೋರ್ ಮನೇಲಿ ಅತ್ತಂಗೆ! ಪಕ್ಕದೋರು ಏನಂದ್ಕೋತಾರೆ?"

ಪಕ್ಕದವರು ಏನೂ ಅಂದುಕೊಳ್ಳುವುದಿಲ್ಲ. ಪಕ್ಕದವರು ಹಾಡಿನೊಳಗೇ ಇದ್ದಾರೆ. ಗೋಡೆಯಾಚೆ ಶಂಶುನ್ನೀಸಾ ಆಂಟಿ ನೈಟಿ ಹೊಲಿಯುತ್ತಾರೆ. ತುಳಿಯುವ ಮೆಶೀನು. ತಡತಡತಡ... ತಡೆದು... ತಡತಡ. ನನ್ನ ಡ್ರಮ್ಸ್ ಅದೇ.

ಇರುವುದು ಎರಡು ಟೇಪ್‌ರೆಕಾರ್ಡರ್. ಒಂದು ಅಪ್ಪನದು, ಒಂದು ಶಿವಾಜಿನಗರದ ಸೆಕೆಂಡ್‌ಹ್ಯಾಂಡ್. ಒಂದರಲ್ಲಿ ಹಾಡಿದ್ದನ್ನು ಪ್ಲೇ ಮಾಡಿ, ಅದರ ಜೊತೆ ಇನ್ನೊಮ್ಮೆ ಹಾಡಿ, ಇನ್ನೊಂದರಲ್ಲಿ ಹಿಡಿಯುವುದು. ಪ್ರತಿ ಸಲವೂ ಹುಸ್ಸೆನ್ನುವ ಸದ್ದು ಬೆಳೆಯುತ್ತದೆ. ಬೆಳೆಯಲಿ. ಸಂಜೆ ಕಗ್ಗದಾಸಪುರದವರೆಲ್ಲ ಪಂಪ್ ಹಾಕಿದಾಗ ವೋಲ್ಟೇಜ್ ಇಳಿದು, ಟೇಪ್ ನಿಧಾನವಾಗಿ, ಹಾಡೂ ಜೋತು ಬೀಳುತ್ತದೆ. ನಾನೂ ಅದರ ಜೊತೆ ಜೋತು ಬಿದ್ದು ಹಾಡುತ್ತೇನೆ.

ಆಗಸ್ಟ್ 11

ಆಯಿತು!! "ಟ್ಯಾಂಕರ್ ಬರ್ಲಿಲ್ಲ" ಮುಗಿಯಿತು. ಸಾಹಿತ್ಯವೆಲ್ಲ ಪ್ರೇಮಕ್ಕ ನೀರಿನವನಿಗೆ ಫೋನಿನಲ್ಲಿ ಬೈಯುವುದು — ಅವರಿಗೆ ಹೇಳಿಲ್ಲ. ಕೊನೆಯಲ್ಲಿ ಮೆಶೀನ್ ನಿಲ್ಲುತ್ತದೆ, ಆಂಟಿ ಕೆಮ್ಮುತ್ತಾರೆ. ಇಷ್ಟು ಚೆನ್ನಾಗಿ ನಿಲ್ಲಿಸಲು ನನಗೆ ಬರುತ್ತಿರಲಿಲ್ಲ.

ಆಂಟಿಗೆ ಹೇಳಿದೆ, ನೀವು ನನ್ನ ಹಾಡಲ್ಲಿದ್ದೀರಿ ಅಂತ. ನಕ್ಕು ನಕ್ಕು ಸೂಜಿಗೆ ಪೋಣಿಸುತ್ತಿದ್ದ ದಾರವನ್ನೇ ಕೈಬಿಟ್ಟರು.

"ಮೇರಿ ಮೆಶೀನ್? ಗಾನೇ ಮೇಂ? ಯಾ ಅಲ್ಲಾ, ನಮ್ಮ ಮನೇವ್ರು ಆ ಸದ್ದಿಗೆ ಮೂವತ್ತು ವರ್ಷ ಬೈದ್ರು ಬೇಟಾ! ಕೇಳಿಸ್ಬೇಕು, ಹ್ಞಾಂ?"

ಕ್ಯಾಸೆಟ್ ಪೂರ್ತಿ ತುಂಬಿದ ಮೇಲೆ ಕೇಳಿಸುತ್ತೇನೆ ಅಂದೆ. ಪ್ರಾಮಿಸ್.

ಆಗಸ್ಟ್ 19

ಕಾಲೇಜಿನ ಮ್ಯೂಸಿಕ್ ಕ್ಲಬ್ಬಿನ ಪ್ರವೀಣ — ಫೈನಲ್ ಇಯರ್, ಎಲ್ಲರೂ ಗುರು ಗುರು ಅನ್ನುತ್ತಾರೆ — ವಾಕ್‌ಮನ್‌ನಲ್ಲಿ ಕೇಳಿದ. ಮುಗಿಯುವವರೆಗೂ ಅವನ ಶೂ ನೋಡುತ್ತಿದ್ದೆ.

"ಸೃಷ್, ಏನಿದು? ಸಖತ್ raw ಮಗಾ! ಕ್ಲಬ್ ಸಿಡೀಲಿ ಇದು ಇರ್ಲೇಬೇಕು. ಮುನೀಂದ್ರನ ಸ್ಟುಡಿಯೋಲಿ ಕಂಪ್ಯೂಟರ್‌ಗೆ ಹಾಕ್ತಾರೆ, ಅಷ್ಟೇ."

Raw. ಯಾರೂ ನನಗೆ ಹಾಗೆ ಹೇಳಿರಲಿಲ್ಲ. ಹಾಸ್ಟೆಲ್‌ನಲ್ಲಿ ಹನ್ನೆರಡನೇ ಕ್ಲಾಸಿನವರೆಗೂ ನಾನು "that humming girl".

ಕಾಪಿ ಕೊಡಬಹುದಿತ್ತು. ಕಾಪಿಯಲ್ಲಿ ಇನ್ನೊಂದು ಪದರ ಹುಸ್ ಸೇರುತ್ತದೆ. ಜನ ಕೇಳುವ ಮೊದಲನೇ ಹಾಡು... ಒರಿಜಿನಲ್ಲೇ ಹೋಗಲಿ ಅಂತ, ನನಗೊಂದು ಕಾಪಿಯನ್ನೂ ಇಟ್ಟುಕೊಳ್ಳದೆ ಕೊಟ್ಟುಬಿಟ್ಟೆ.

ಸೆಪ್ಟೆಂಬರ್ 16

ಸಿಡಿ ಬಂದಿದೆ. ಇಂದಿರಾನಗರದಲ್ಲಿ, ಮುನೀಂದ್ರನ ಸ್ಟುಡಿಯೋದಲ್ಲಿ ಕೇಳಿಸಿದರು. ಅವರಪ್ಪನ ಹೊಲವಿದ್ದ ಜಾಗವಂತೆ, ಈಗ ಗಾಜಿನ ಬಾಗಿಲು, ಎಸಿ. ಕೂತೆ. ಪ್ಲೇ ಆಯಿತು.

ಯಾರೋ ಹಾಡುತ್ತಿದ್ದಾಳೆ. ದನಿ ನನ್ನದು. ತೊಳೆದು ಇಸ್ತ್ರಿ ಮಾಡಿದ್ದಾರೆ. ಹುಸ್ ಇಲ್ಲ. ಜೋತು ಬೀಳುವ ಕಡೆಯೆಲ್ಲ ನೆಟ್ಟಗೆ ನಿಂತಿದೆ. ಮೆಶೀನ್ ಇಲ್ಲ — ಕಂಪ್ಯೂಟರ್ ಡ್ರಮ್ಸ್! ಮೇಲೆ ಪ್ರವೀಣನ ಗಿಟಾರ್. ಅದಕ್ಕೆ ಸೋಲೋ ಬೇರೆ.

"ಹೆಂಗೆ?" ಅಂದ ಮುನೀಂದ್ರ. "ಎಷ್ಟ್ ಕಸ ಇತ್ತು ಗೊತ್ತಾ? ಎರಡ್ ದಿನ ಕೂತು ಕ್ಲೀನ್ ಮಾಡ್ದೆ."

ನಾನೇನಂದೆ ಗೊತ್ತಾ? "Nice" ಅಂದೆ. ಆಮೇಲೆ "Thanks" ಕೂಡ ಅಂದೆ. ಥೂ.

ಸೆಪ್ಟೆಂಬರ್ 17

ಹಲಸೂರಿನ ಬಸ್‌ಸ್ಟಾಪಿನಿಂದ ಇಂದಿರಾನಗರದವರೆಗೂ ಒಂದೇ ವಾಕ್ಯ ಪ್ರಾಕ್ಟೀಸ್. I want my tape back. ನನ್ನ ಕ್ಯಾಸೆಟ್ ಕೊಡಿ. ಕೊಡ್ರೀ. ಕೊಡೋ.

ಕೊನೆಗೆ ಬಂದದ್ದು, "ಅದು... ನನ್ನ ಕ್ಯಾಸೆಟ್ಟು..."

ಮುನೀಂದ್ರ ಡ್ರಾಯರಿನಿಂದ ತೆಗೆದು ಎಸೆದ. ಮನೆಗೆ ತಂದು ಹಾಕಿದೆ. ಗಂಡಸಿನ ದನಿ — "ಮಹದೇವಪುರದ ಹೃದಯಭಾಗದಲ್ಲಿ, ಇಪ್ಪತ್ನಾಲ್ಕು ಗಂಟೆ ನೀರು..." ಅಪಾರ್ಟ್‌ಮೆಂಟ್ ಜಾಹೀರಾತು! ಮತ್ತೆ ಮತ್ತೆ ಅದೇ, ತಪ್ಪು ಹೇಳಿ, ನಕ್ಕು, ಮತ್ತೆ ಅದೇ. ನನ್ನ ಹಾಡಿನ ಮೇಲೆ.

ಮುನೀಂದ್ರನಿಗೆ ಫೋನ್ ಮಾಡಿದೆ. "ಓ, ಅದಾ? ಖಾಲಿ ಕ್ಯಾಸೆಟ್ ಅಂದ್ಕೊಂಡೆ ಗುರು. ಹಾಕಿ ಕೇಳ್ದೆ, ಏನೋ ತಡತಡ ಅಂತಿತ್ತು ಅಷ್ಟೇ."

ಕೇಳಿಯೇ ಅಳಿಸಿದ್ದಾನೆ.

ರಿಸೀವರ್ ಇಟ್ಟ ಮೇಲೆ ಬೈದೆ, ಹಾಸ್ಟೆಲ್‌ನಲ್ಲಿ ಕಲಿತದ್ದೆಲ್ಲ. ಪ್ರೇಮಕ್ಕನಿಗೆ ಇಂಗ್ಲಿಷ್ ಬರುವುದಿಲ್ಲವಾದರೂ ಅರ್ಥವಾಯಿತು.

ಸೆಪ್ಟೆಂಬರ್ 21, ಭಾನುವಾರ

ಶಂಶುನ್ನೀಸಾ ಆಂಟಿಯೇ ಬಂದರು. ಹೊಸ ದುಪಟ್ಟಾ ಹೊದ್ದು. ಜೊತೆಗೆ ಮೊಮ್ಮಗಳು.

"ಸಿಡಿ ಬಂತಂತೆ? ಪ್ರೇಮಕ್ಕ ಹೇಳಿದ್ರು."

ಪ್ರೇಮಕ್ಕನ ಬಾಯಿಗೆ ಬೀಗ ಹಾಕಬೇಕು. ಸುಳ್ಳು ಹೇಳಬಹುದಿತ್ತು, ಪ್ರೇಮಕ್ಕನ ಸಿಡಿ ಪ್ಲೇಯರ್ ಕೆಟ್ಟಿದೆ ಅಂತ. ಹೊಳೆಯಲೇ ಇಲ್ಲ. ಸ್ಟುಡಿಯೋದಲ್ಲಿ ಕೊಟ್ಟಿದ್ದ ಕಾಪಿ ಹಾಕಿದೆ.

ಆಂಟಿ ಕಣ್ಣು ಮುಚ್ಚಿ ಕೂತರು. ಗಿಟಾರ್ ಬಂತು, ತಲೆದೂಗಿದರು. ಡ್ರಮ್ಸ್ ಬಂತು, ಮೊಮ್ಮಗಳನ್ನು ಸುಮ್ಮನಿರಿಸಿದರು. ನಾನು ನೆಲ ನೋಡುತ್ತಿದ್ದೆ. ಹಾಡು ಮುಗಿಯಿತು.

ಆಂಟಿ ಕಣ್ಣು ಬಿಟ್ಟು ಪ್ಲೇಯರಿನತ್ತ ಬಗ್ಗಿದರು.

"ಚೆನ್ನಾಗೈತೆ ಬೇಟಾ... ನಮ್ ಮೆಶೀನ್ ಯಾವಾಗ ಬರ್ತೈತೆ?"

ಸೆಪ್ಟೆಂಬರ್ 22

ಈ ಸಲ ಪ್ರಾಕ್ಟೀಸ್ ಮಾಡಲಿಲ್ಲ. ಕ್ಯಾಂಟೀನಿನಲ್ಲಿ ಪ್ರವೀಣ ಎಲ್ಲರ ನಡುವೆ ಕೂತಿದ್ದ. ಹೋಗಿ ಹೇಳಿದೆ.

"ಆ ಹಾಡು ತೆಗಿ."

"ಏ ಸೃಷ್, ಬಾ, ಕೂತ್ಕೋ. ಟೀ?"

"ಅದು ನನ್ನ ಹಾಡಲ್ಲ. ಸಿಡಿಯಿಂದ ತೆಗಿ."

"ತಲೆ ಕೆಟ್ಟಿದ್ಯಾ? ಮುನ್ನೂರು ಕಾಪಿ ಆಗಿದೆ. ಶನಿವಾರ ರಿಲೀಸು. ಫಸ್ಟ್ ಇಯರ್‌ಗೆ ಯಾರಿಗೆ ಸಿಗುತ್ತೆ ಈ ಚಾನ್ಸ್? ನಿನ್ನ ಕಸಾನ ಹಾಡ್ ಮಾಡಿದ್ದೇ ನಾವು!"

"ಆ ಕಸಾನೇ ಹಾಡು. ಉಳಿದಿದ್ದು ನಿಂದು. ನಿನ್ನ ಹೆಸರು ಹಾಕ್ಕೋ."

ಪಕ್ಕದ ಟೇಬಲಿನವರು ಓಹೋ ಅಂದರು. ಪ್ರವೀಣನ ಕಿವಿ ಕೆಂಪಾಯಿತು.

"ಹೆಸರು ಪ್ರಿಂಟ್ ಆಗಿದೆ ಕಣಮ್ಮ. ಅಷ್ಟೊಂದು ಉರಿಯಿದ್ರೆ ಮಾರ್ಕರ್ ತಗೊಂಡು ನೀನೇ ಹೊಡ್ಕೋ. ಒಂದೊಂದ್ರಲ್ಲೂ!"

ಎಲ್ಲರೂ ನಕ್ಕರು. ನಾನು, "ಸಿಡಿ ಡಬ್ಬ ಎಲ್ಲಿದೆ?" ಅಂದೆ.

ಸೆಪ್ಟೆಂಬರ್ 23. ಮಧ್ಯಾಹ್ನ, ಕ್ಲಬ್ ರೂಮ್

ಹೊಡೆಯುತ್ತಿದ್ದೇನೆ. ಸಿಡಿಯ ಜೊತೆಗಿನ ಚೀಟಿ ಎಳೆದು, ನಾಲ್ಕನೇ ಸಾಲು ಹುಡುಕಿ, ಕಪ್ಪು ಗೆರೆ. ಸೃಷ್ಟಿ ಹೋಯಿತು. ಮುಂದಿನದು. ಹಾಡು ಅವರೇ ಇಟ್ಟುಕೊಳ್ಳಲಿ.

ಪ್ರವೀಣ ಬಾಗಿಲಲ್ಲಿ ನಿಂತಿದ್ದಾನೆ. ನಾನು ನಿಜವಾಗಿ ಬರುತ್ತೇನೆ ಅಂತ ಅವನು ಅಂದುಕೊಂಡಿರಲಿಲ್ಲ ಪಾಪ.

"ಸಾಕು ಕಣೆ. ಜೋಕ್ ಮಾಡ್ದೆ. ನೋಡೋರು ಏನಂತಾರೆ?"

ಇನ್ನೊಂದು ಚೀಟಿ ಎಳೆದೆ. ಹೋದರೆ ಹೋಗಲಿ ಮೊದಲನೇ ಸಿಡಿ. ಹೋದರೆ ಹೋಗಲಿ ಕ್ಲಬ್ಬು. ಅಪ್ಪನಿಗೆ ಫೋನಿನಲ್ಲಿ ಹೇಳಿಯೂ ಆಗಿತ್ತು, ನನ್ನ ಹೆಸರು ಪ್ರಿಂಟಾಗಿದೆ ಅಂತ. ಸಿಡಿ ಕಳಿಸು ಅಂದಿದ್ದರು.

ಹೊಡೆ.

ಅವನು ಹೋದ. ಈಗ ರೂಮಿನಲ್ಲಿ ಮಾರ್ಕರಿನ ಸದ್ದು ಮಾತ್ರ. ಹೊಳಪು ಕಾಗದದ ಮೇಲೆ ಕೀ...ಚ್. ಕೀ...ಚ್. ಒತ್ತಿದರೆ ದಪ್ಪ ದನಿ, ಸಡಿಲ ಬಿಟ್ಟರೆ ಕೀರಲು. ನಡುವೆ ಚೀಟಿ ಜಾರುವ ಸರ್ರ್. ಸಿಟ್ಟು ಬಂದಾಗ ಬೇಗ ಬೇಗ ಬರುತ್ತದೆ.

ಮೂವತ್ತು ಚೀಟಿ ಸುಮ್ಮನೆ ಕೇಳುತ್ತಾ ಹೊಡೆದೆ.

ಬ್ಯಾಗಿನಲ್ಲಿ ಟೇಪ್‌ರೆಕಾರ್ಡರ್ ಇದೆ. ಹೊಸ ಕ್ಯಾಸೆಟ್ಟೂ. ಡಬ್ಬದಲ್ಲಿ ಇನ್ನೂ ಇನ್ನೂರಕ್ಕೆ ಕಮ್ಮಿಯಿಲ್ಲ, ಒಂದು ಸೈಡ್ ತುಂಬುತ್ತದೆ. ಮೈಕ್ ಡಬ್ಬದ ಮುಚ್ಚಳಕ್ಕೆ ಆನಿಸಿ ಇಟ್ಟಿದ್ದೇನೆ. ರೆಕಾರ್ಡ್ ಒತ್ತಿದೆ, ಕೆಂಪು ದೀಪ ಬಂತು. ಈ ಡೈರಿಯಲ್ಲಿ ಪೆನ್ನು ಗೀಚುವುದೂ ಸೇರಿಬಿಡುತ್ತದೆ, ಇದನ್ನು ಇಲ್ಲಿಗೇ