ಮೊರ ಹಿಡಿದು ಬಂದವಳಿಗೆ ಬೀಜ ಇಲ್ಲ ಅನ್ನಬೇಕೆ?

ಸುಸ್ಥಿರ ಕೃಷಿ ಯೋಜನೆಯ ಮುಖ್ಯ ಅಧಿಕಾರಿಗಳಾದ ತಮಗೆ,

ಮಾನ್ಯರೇ, ನನ್ನ ಮನೆಯ ಅವರೆ ಬೀಜವನ್ನು ನಾನು ಪಕ್ಕದವಳಿಗೆ ಕೊಡಬಾರದು ಎಂದು ಹೇಳಲು ತಾವು ಯಾರು? ಒರಟಾಗಿ ಕೇಳಿದೆ ಅನ್ನಿಸಿದರೆ ಕ್ಷಮಿಸಿ. ಹಳ್ಳಿ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಓದಿದವಳು ನಾನು. ಸುತ್ತಿ ಬಳಸಿ ಬರೆಯುವುದನ್ನು ಅಲ್ಲಿ ಕಲಿಸಲಿಲ್ಲ.

ನಮ್ಮೂರು ಹೆಬ್ಬಗೋಡಿಯ ಹಿಂಬದಿಗಿದೆ. ಮೂರು ಕಡೆ ಕಾರ್ಖಾನೆ ಕಾಂಪೌಂಡು, ಉಳಿದದ್ದು ಹೊಲ. ರಾಗಿಯ ನಡುವೆ ಅಕ್ಕಡಿ ಸಾಲು ಹಿಡಿದು ಅವರೆ, ಜೋಳ, ಹುಚ್ಚೆಳ್ಳು ಹಾಕುತ್ತೇವೆ. ಅವರೆ ಬೀಜಕ್ಕೆ ಬೂದಿ ಬೆರೆಸಿ ಮಡಕೆಗೆ ತುಂಬಿ, ಮಡಕೆಯನ್ನು ದೇವರ ಗೂಡಿನ ಕೆಳಗೆ ಇಡುತ್ತೇವೆ. ಬಿತ್ತನೆ ಕಾಲಕ್ಕೆ ಯಾರೇ ಮೊರ ಹಿಡಿದು ಬಾಗಿಲಿಗೆ ಬಂದರೂ ಮೊರಕ್ಕೆ ಅರಿಶಿನ ಕುಂಕುಮ ಇಟ್ಟು ಬೀಜ ಹಾಕಿ ಕಳಿಸಬೇಕು. ಇಲ್ಲ ಅನ್ನುವ ಹಾಗಿಲ್ಲ, ಯಾವ ಜಾತಿ ಅಂತ ಕೇಳುವ ಹಾಗಿಲ್ಲ. ಸುಗ್ಗಿಯಾದ ಮೇಲೆ ಅವರು ಅದೇ ಮೊರದಲ್ಲಿ ಹೊಸ ಬೀಜ ತಂದು ದೇವರ ಮುಂದೆ ಸುರಿಯುತ್ತಾರೆ. ನಮ್ಮತ್ತೆ ಇದನ್ನು ಪೂಜೆ ಅಂತಲೇ ಹೇಳಿಕೊಟ್ಟಿದ್ದರು.

ಎರಡು ವರ್ಷದ ಹಿಂದೆ ತಮ್ಮ ಕಚೇರಿಯ ಜೀಪಿನಲ್ಲಿ ಬೀಜದ ಕಂಪನಿಯ ಇಬ್ಬರು ಬಂದರು. "ಅಮ್ಮಾ, ನಿಮ್ಮ ಅವರೆ ಸೊಗಡು ರಸ್ತೆವರೆಗೂ ಬರುತ್ತೆ. ಒಂದು ಸೇರು ಬೀಜ ಕೊಡ್ತೀರಾ?" ಅಂದರು. ಅವರ ಹತ್ತಿರ ಮೊರ ಇರಲಿಲ್ಲ. ನನ್ನ ಮೊರಕ್ಕೇ ಕುಂಕುಮ ಇಟ್ಟು, ಬೀಜ ಹಾಕಿ, ಕಾಫಿ ಕುಡಿಸಿ ಕಳಿಸಿದೆ. ಸುಗ್ಗಿ ಕಳೆಯಿತು, ಬೀಜ ಹಾಳಾಗಲಿ, ನನ್ನ ಮೊರವೂ ವಾಪಸ್ ಬರಲಿಲ್ಲ. ಆದರೂ ಕೊಟ್ಟದ್ದಕ್ಕೆ ಇವತ್ತಿಗೂ ನನಗೆ ಬೇಸರವಿಲ್ಲ. ಕೇಳಿದರು, ಕೊಟ್ಟೆ.

ಈ ವರ್ಷ ತಾವು ಯೋಜನೆ ತಂದಿರಿ. ಹಳೇ ಪದ್ಧತಿಯ ಬೇಸಾಯ ಉಳಿಸಲು ಸರ್ಕಾರದ ದುಡ್ಡು, ಅದರ ಜೊತೆಗೆ ಕಂಪನಿಯ ದುಡ್ಡು. ಹದಿನೇಳು ಮನೆಯವರು ಸಂಘ ಮಾಡಿಕೊಂಡೆವು. ಗೊಬ್ಬರದ ತೊಟ್ಟಿ ಕಟ್ಟಲು, ದನ ನೀರು ಕುಡಿಯುವ ಊರ ಕುಂಟೆಯ ಹೂಳು ತೆಗೆಸಲು ಹಣ ಅಂದಿರಿ. ಬಹಳ ಸಂತೋಷ. ಹಾಲಿನ ಡೈರಿ ಮುಂದೆ ಸಭೆ ಸೇರಿಸಿ, ಕಂಪನಿಯವರು ಬಣ್ಣದ ಪ್ಯಾಕೆಟ್ ಎತ್ತಿ ತೋರಿಸಿ, "ಇದು ನಿಮ್ಮೂರ ಅವರೆಯಿಂದಲೇ ನಾವು ಮಾಡಿದ ತಳಿ, ಹೆಮ್ಮೆ ಪಡಿ" ಅಂದರು. ಎಲ್ಲರೂ ಚಪ್ಪಾಳೆ ತಟ್ಟಿದೆವು. ಆಮೇಲೆ ತಮ್ಮ ಕೈಕೆಳಗಿನ ಅಧಿಕಾರಿ ಎದ್ದು ಷರತ್ತು ಹೇಳಿದರು. ಸಂಘದವರು ಈ ಪ್ಯಾಕೆಟ್ಟಿನ ಬೀಜವನ್ನೇ ಬಿತ್ತಬೇಕು. ಮನೆಯ ಬೀಜವನ್ನು ಹೊರಗಿನ ಯಾರಿಗೂ ಕೊಡಬಾರದು. ಒಬ್ಬರು ಕೊಟ್ಟರೂ ಇಡೀ ಸಂಘಕ್ಕೆ ಹಣ ಬಂದ್.

"ಯಾಕೆ ಸಾರ್?" ಅಂತ ಸಂಘದ ಮರೆಪ್ಪ ಕೇಳಿದ.

"ತಳಿ ಬೆರಕೆ ಆಗುತ್ತೆ ಕಣ್ರೀ."

"ಓಹೋ! ಇನ್ಮೇಲೆ ಅವರೆಕಾಯಿಗೂ ಜಾತಕ ನೋಡ್ಬೇಕು ಅನ್ನಿ."

ಜನ ನಕ್ಕರು. ನಗುನಗುತ್ತಲೇ ಒಪ್ಪಿಕೊಂಡೆವು. ಕುಂಟೆಯಲ್ಲಿ ನೀರು ಬೇಕಿತ್ತಲ್ಲ.

ಹದಿನೈದು ದಿನದ ಹಿಂದೆ ಪಕ್ಕದ ಮನೆಯ ಅಂಜಿನಮ್ಮ ಮೊರ ಹಿಡಿದು ನನ್ನ ಬಾಗಿಲಿಗೆ ಬಂದಳು. ಗಂಡ ತೀರಿಕೊಂಡವಳು. ಅತ್ತಿಬೆಲೆಯ ಕಾರ್ಖಾನೆಯೊಂದರಲ್ಲಿ ಕಸ ಗುಡಿಸಿ ಬಂದು, ಸಂಜೆ ಇನ್ನೊಬ್ಬರ ಹೊಲವನ್ನು ವಾರಕ್ಕೆ, ಅಂದರೆ ಬೆಳೆಯಲ್ಲಿ ಪಾಲು ಕೊಡುವ ಮಾತಿನ ಮೇಲೆ, ಮಾಡುತ್ತಾಳೆ. ಹೊಲ ಅವಳ ಹೆಸರಲ್ಲಿಲ್ಲ. ಹಾಗಾಗಿ ತಮ್ಮ ಸಂಘದಲ್ಲಿ ಅವಳಿಗೆ ಜಾಗವಿಲ್ಲ, ತಮ್ಮ ಪ್ಯಾಕೆಟ್ಟೂ ಇಲ್ಲ. ಪ್ರತಿ ವರ್ಷ ಅವಳು ಬಿತ್ತುವುದು ನಮ್ಮ ಮಡಕೆಯ ಬೀಜ.

"ಯಾಕಕ್ಕಾ ಇಂಗೆ ನಿಂತ್ಬಿಟ್ಟೆ? ಕುಂಕುಮದ ಬಟ್ಲು ಕಳ್ದೋಯ್ತಾ?" ಅಂದಳು. ಷರತ್ತು ಹೇಳಿದೆ. ಅವಳ ನಗು ನಿಂತಿತು.

"ಅಂಗಾದ್ರೆ ಬ್ಯಾಡ ಬುಡಕ್ಕ. ನನ್ನೊಬ್ಬಳಿಗೋಸ್ಕರ ಅಷ್ಟು ಮನೆಯೋರು ಕಳ್ಕೊಳ್ಳೋದು ಬ್ಯಾಡ. ಈ ಸಲ ಬರೀ ರಾಗಿ ಚೆಲ್ತೀನಿ." ಮೊರವನ್ನು ಕಂಕುಳಿಗೆ ಸೇರಿಸಿ ತಿರುಗಿದಳು.

ಸ್ವಾಮಿ, ಕಂಪನಿ ಕೇಳಿದಾಗ ಬೀಜ ಊರಿನದ್ದು, ಅಂಜಿನಮ್ಮ ಕೇಳಿದಾಗ ಕಂಪನಿಯದ್ದು. ಇದು ಯಾವ ನ್ಯಾಯ? ಬೀಜದ ಮೇಲೆ ಕಂಪನಿಗಳಿಗೆ ಹಕ್ಕು ಕೊಡುವ ಗ್ಯಾಟ್ ಒಪ್ಪಂದದ ಸುದ್ದಿ ರೇಡಿಯೋದಲ್ಲಿ ಬಂದಾಗ, ಅದು ದೂರದೇಶದ ವ್ಯವಹಾರ, ನಮ್ಮ ಹೊಸ್ತಿಲು ತುಳಿಯಲಾರದು ಅಂದುಕೊಂಡಿದ್ದೆ. ಹಳೇ ಪದ್ಧತಿ ಉಳಿಸುತ್ತೇವೆ ಅನ್ನುತ್ತೀರಿ. ಕೊಟ್ಟು ತೆಗೆದುಕೊಳ್ಳುವುದನ್ನು ನಿಲ್ಲಿಸಿದ ಮೇಲೆ ಪದ್ಧತಿಯಲ್ಲಿ ಉಳಿಯುವುದೇನು, ಗೊಬ್ಬರದ ತೊಟ್ಟಿಯೇ? ಕಂಪನಿಯ ವ್ಯಾಪಾರಕ್ಕೆ ಕಂಪನಿ ಕಾವಲು ಇಟ್ಟುಕೊಳ್ಳಲಿ. ಆ ಕಾವಲುಗಾರನಿಗೆ ಸಂಬಳ ಸರ್ಕಾರದ ಬೊಕ್ಕಸದಿಂದ ಯಾಕೆ? ಆ ಕಾವಲಿಗೆ ನಮ್ಮನಮ್ಮಲ್ಲೇ ಒಬ್ಬರ ಮೇಲೊಬ್ಬರನ್ನು ನಿಲ್ಲಿಸಿದ್ದು ಯಾಕೆ?

ಅಂಜಿನಮ್ಮನನ್ನು ಕೂಗಿ ಕರೆದೆ. ಮೊರಕ್ಕೆ ಕುಂಕುಮ ಇಟ್ಟೆ, ಬೀಜ ಹಾಕಿದೆ. ಯಾರೋ ಚಾಡಿ ಹೇಳುವ ಮೊದಲು ನಾನೇ ತಿಳಿಸುತ್ತಿದ್ದೇನೆ. ಕೊಟ್ಟ ಮೇಲೆ ನೆಮ್ಮದಿಯಾಗಿದ್ದೇನೆ ಅಂದುಕೊಳ್ಳಬೇಡಿ. ನಲ್ಲಿಯ ಹತ್ತಿರ ಮರೆಪ್ಪನ ಹೆಂಡತಿ ಮುಖ ತಿರುಗಿಸಿದಳು. ಅವಳ ಸಿಟ್ಟಿನಲ್ಲಿ ತಪ್ಪಿಲ್ಲ. ಹೂಳು ತೆಗೆಯದಿದ್ದರೆ ಬೇಸಿಗೆಗೆ ಅವಳ ಹಸುಗಳಿಗೆ ನೀರಿಲ್ಲ. ದೀಪ ಹಚ್ಚಿ ಕೂತರೆ ನನಗೆ ಆ ಹಸುಗಳೇ ಕಣ್ಣ ಮುಂದೆ ಬರುತ್ತವೆ.

ಆದ್ದರಿಂದ ಷರತ್ತನ್ನು ತೆಗೆದುಹಾಕಿ. ಹೊಲ ಹೆಸರಲ್ಲಿಲ್ಲದೆ ದುಡಿಯುವವರನ್ನೂ ಸಂಘಕ್ಕೆ ಸೇರಿಸಿ. ಅಷ್ಟು ತಮ್ಮ ಕೈಲಾಗದಿದ್ದರೆ, ತಪ್ಪು ನನ್ನೊಬ್ಬಳದು ಅಂತ ಬರೆದುಕೊಂಡು ನನ್ನನ್ನು ಕೈಬಿಡಿ, ಉಳಿದ ಹದಿನಾರು ಮನೆಯ ಹಣ ತಡೆಯಬೇಡಿ. ಅಂಜಿನಮ್ಮ ಬಿತ್ತಿ ಆಗಿದೆ, ಮೊನ್ನೆಯ ಹದ ಮಳೆಗೆ ಅವರೆ ಎರಡೆಲೆ ಒಡೆದಿದೆ. ಕೀಳಲೇಬೇಕು ಅಂತಿದ್ದರೆ ಕೈಕೆಳಗಿನವರನ್ನು ಕಳಿಸಬೇಡಿ. ತಾವೇ ಬನ್ನಿ. ಅವಳು ಬಸ್ಸು ಹತ್ತುವ ಮೊದಲು ಬಂದು, ಅವಳ ಎದುರಿಗೇ ಕೀಳಿ.

ಇಂತಿ,
ಈ ಪತ್ರ ಪೇಪರಿನಲ್ಲಿ ಅಚ್ಚಾಗುವ ಹೊತ್ತಿಗೆ ಹೆಸರು ಹೊಡೆದುಹಾಕಿರದಿದ್ದರೆ, ತಮ್ಮ ಯೋಜನೆಯ ಫಲಾನುಭವಿ
ಅನುಸೂಯಮ್ಮ